ಅಂಗಳದ ಸೂರಕ್ಕಿಯೋ, ಘಟ್ಟದ ಸೂರಕ್ಕಿಯೋ? ಗುರುತು ಹಿಡಿಯುವುದು ಹೀಗೆ

ಆಗುಂಬೆಗೋ ಕೊಲ್ಲೂರಿಗೋ ಹೋಗಿ ಬಂದವರು ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕುತ್ತಾರೆ. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕ ಹಕ್ಕಿ. ಬಾಗಿದ ಸಪೂರ ಕೊಕ್ಕು, ಹಳದಿ ಹೊಟ್ಟೆ, ಎದೆ ಹತ್ತಿರ ಕೆಂಪು, ಗಂಟಲಲ್ಲಿ ನೇರಳೆ ಮಿನುಗು. ಕೆಳಗೊಂದು ಪ್ರಶ್ನೆ: "ಇದು ನಮ್ಮ ಮನೆ ದಾಸವಾಳಕ್ಕೆ ಬರುವುದೇ ಅಲ್ವಾ?" ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಅಲ್ಲ ಅನ್ನುತ್ತಾರೆ. ಇಬ್ಬರೂ ಕೊಡುವ ಕಾರಣ ಒಂದೇ: "ಬಣ್ಣ ನೋಡಿ ಮಾರಾಯ್ರೆ!"

ಬಣ್ಣ ನೋಡಿದರೆ ಸಾಕಾಗುವುದಿಲ್ಲ. ಈ ಹಕ್ಕಿಗಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಬಣ್ಣ ಮೈಯ ಯಾವ ಜಾಗದಲ್ಲಿದೆ? ಎಷ್ಟು ಅಗಲಕ್ಕಿದೆ? ಎಲ್ಲಿಗೆ ನಿಂತಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಹೆಸರು ತಾನಾಗಿ ಬರುತ್ತದೆ. ಸಿಗದಿದ್ದರೆ ಎಷ್ಟು ಚಂದದ ಫೋಟೋ ಇದ್ದರೂ ಜಗಳ ಮುಗಿಯುವುದಿಲ್ಲ.

ಮೊದಲು ಎರಡು ಹಕ್ಕಿಗಳ ಪರಿಚಯ ಮಾಡಿಕೊಳ್ಳೋಣ. ಘಟ್ಟದ್ದು ಕೆಂಬೆನ್ನಿನ ಸೂರಕ್ಕಿ. ಇಂಗ್ಲಿಷಿನಲ್ಲಿ ಕ್ರಿಮ್ಸನ್-ಬ್ಯಾಕ್ಡ್ ಸನ್‌ಬರ್ಡ್, ವೈಜ್ಞಾನಿಕ ಹೆಸರು ಲೆಪ್ಟೊಕೋಮಾ ಮಿನಿಮಾ. ಇಡೀ ಜಗತ್ತಿನಲ್ಲಿ ಇದು ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಮಹಾರಾಷ್ಟ್ರದಿಂದ ಕೇರಳದ ತನಕ ಹಬ್ಬಿರುವ ಒದ್ದೆ ಕಾಡು, ಅದರ ಅಂಚಿನ ತೋಟಗಳು, ಅಷ್ಟೇ ಇದರ ಲೋಕ. ಅಂಗಳದ್ದು ನೇರಳೆ ಸೊಂಟದ ಸೂರಕ್ಕಿ, ಪರ್ಪಲ್-ರಂಪ್ಡ್ ಸನ್‌ಬರ್ಡ್. ಇದರ ವೈಜ್ಞಾನಿಕ ಹೆಸರು ಲೆಪ್ಟೊಕೋಮಾ ಝೈಲೋನಿಕಾ. ಕದ್ರಿಯ ಕಾಂಪೌಂಡಿನಿಂದ ಮಣಿಪಾಲದ ಹಾಸ್ಟೆಲ್ ಗಾರ್ಡನ್ನಿನವರೆಗೆ ಎಲ್ಲ ಕಡೆ ಕಾಣುವುದು ಇದೇ. ಎರಡೂ ಒಂದೇ ಕುಲದವು. ಅದಕ್ಕೇ ಹೋಲಿಕೆ ಇಷ್ಟು ಗಾಢ.

ನೇರಳೆ ಸೊಂಟದ್ದಕ್ಕೆ 1766ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನಿಯಸ್ ಹೆಸರಿಟ್ಟ. ಕೆಂಬೆನ್ನಿನದ್ದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1832ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಮಿನಿಮಾ ಅಂದರೆ ತೀರಾ ಚಿಕ್ಕದು. ಕೊಕ್ಕಿನ ತುದಿಯಿಂದ ಬಾಲದ ತುದಿವರೆಗೆ 8 ಸೆಂ.ಮೀ. ಆಸುಪಾಸು, ಅಷ್ಟೇ. ನೇರಳೆ ಸೊಂಟದ್ದು ಅದಕ್ಕಿಂತ ಸ್ವಲ್ಪ ದೊಡ್ಡದು, ಹತ್ತಿರ ಹತ್ತಿರ 10 ಸೆಂ.ಮೀ. ಕಾಡಿನಲ್ಲಿ ಇಪ್ಪತ್ತಡಿ ಎತ್ತರದಲ್ಲಿ ಕುಣಿಯುತ್ತಿರುವ ಹಕ್ಕಿಯಲ್ಲಿ ಈ ಎರಡು ಸೆಂಟಿಮೀಟರ್ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡೂ ಒಂದೇ ಗಿಡದಲ್ಲಿ ಅಕ್ಕಪಕ್ಕ ಸಿಕ್ಕರೆ ಗೊತ್ತಾಗುತ್ತದೆ. ಅಂಥ ಅದೃಷ್ಟ ಯಾವಾಗಲೂ ಬರುವುದಿಲ್ಲ.

ಬಣ್ಣ ಯಾಕೆ ಮೋಸ ಮಾಡುತ್ತದೆ

ಸೂರಕ್ಕಿಯ ಮೈಮೇಲೆ ಎರಡು ಥರದ ಬಣ್ಣ ಉಂಟು. ಇದು ಅರ್ಥವಾದರೆ ಅರ್ಧ ಕೆಲಸ ಮುಗಿಯಿತು.

ಒಂದು, ಗರಿಯೊಳಗಿನ ಬಣ್ಣದ ಕಣಗಳಿಂದ ಬರುವ ಬಣ್ಣ. ಹೊಟ್ಟೆಯ ಹಳದಿ ಇಂಥದ್ದು. ಯಾವ ಕೋನದಿಂದ ನೋಡಿದರೂ ಅದು ಹಳದಿಯೇ. ಬೆಳಕು ಕಡಿಮೆಯಾದರೆ ಮಂಕಾಗುತ್ತದೆ, ಬೇರೆ ಬಣ್ಣಕ್ಕೆ ತಿರುಗುವುದಿಲ್ಲ. ಬೆನ್ನಿನ ಕೆಂಪು ಕೂಡ ಹೀಗೆ ನಿಲ್ಲುವ ಬಣ್ಣ.

ಇನ್ನೊಂದು, ಮಿನುಗುವ ಬಣ್ಣ. ನೆತ್ತಿಯ ಹಸಿರು, ಗಂಟಲಿನ ನೇರಳೆ, ಸೊಂಟದ ನೇರಳೆ ಈ ಜಾತಿಗೆ ಸೇರಿದವು. ಗರಿಯ ಸೂಕ್ಷ್ಮ ಎಳೆಗಳೊಳಗೆ ಮೆಲನಿನ್ ಕಣಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಒಂದೊಂದು ಪದರದಿಂದಲೂ ವಾಪಸ್ ಬರುತ್ತದೆ. ಹಾಗೆ ಬರುವಾಗ ಕೆಲವು ಬಣ್ಣ ಒಂದಕ್ಕೊಂದು ಕೂಡಿ ಜೋರಾಗುತ್ತವೆ, ಕೆಲವು ಒಂದನ್ನೊಂದು ಅಳಿಸಿಹಾಕುತ್ತವೆ. ಮಳೆಗಾಲದಲ್ಲಿ ಪೆಟ್ರೋಲ್ ಬಂಕ್ ಎದುರು ನಿಂತ ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಬಣ್ಣಗಳ ಹಿಂದೆ ಇರುವುದೂ ಇದೇ ಲೆಕ್ಕ. ತಲೆ ಅತ್ತಿತ್ತ ಮಾಡಿದರೆ ಬಣ್ಣ ಬದಲಾಗುತ್ತದೆ, ಒಂದು ಕೋನದಲ್ಲಿ ಮಾಯವೇ ಆಗಿಬಿಡುತ್ತದೆ.

ಅದಕ್ಕೇ ಒಂದೇ ಹಕ್ಕಿಯ ಗಂಟಲು ಒಂದು ಫೋಟೋದಲ್ಲಿ ನೇರಳೆ, ಇನ್ನೊಂದರಲ್ಲಿ ಕಪ್ಪು. ನೆತ್ತಿ ಒಮ್ಮೆ ಹಸಿರು, ಒಮ್ಮೆ ನೀಲಿ, ಒಮ್ಮೆ ಬರೀ ಕಂದು. ಘಟ್ಟದ ಬೆಳಕು ಇದನ್ನು ಇನ್ನೂ ಹೆಚ್ಚು ಮಾಡುತ್ತದೆ. ಅಲ್ಲಿ ದಿನದ ಬಹುಪಾಲು ಮೋಡ, ಮೇಲೆ ಬಿಳಿ ಆಕಾಶ, ಕೆಳಗೆ ಕತ್ತಲೆ ಕಾಡು. ಕೊಂಬೆಯ ತುದಿಯಲ್ಲಿ ಕೂತ ಹಕ್ಕಿ ಬಿಳಿ ಆಕಾಶದ ಎದುರು ಬರೀ ಕಪ್ಪು ಆಕಾರವಾಗಿ ಕಾಣುತ್ತದೆ.

ಹಾಗಾಗಿ ಮಿನುಗುವ ಬಣ್ಣವನ್ನು ನಂಬಿ ಹೆಸರು ಹೇಳಬೇಡಿ. "ಗಂಟಲು ಕಪ್ಪಗಿತ್ತು, ಹಾಗಾಗಿ ಇದು ಬೇರೆ ಹಕ್ಕಿ" ಅನ್ನುವ ವಾದ ನಿಲ್ಲುವುದಿಲ್ಲ. ನಿಲ್ಲುವ ಬಣ್ಣಗಳು ಎಲ್ಲಿವೆ ಅಂತ ಹುಡುಕಿ. ಬೆನ್ನು, ಭುಜ, ಎದೆಪಟ್ಟಿ, ಹೊಟ್ಟೆ, ಪಕ್ಕೆ.

ಗಂಡು ಹಕ್ಕಿ: ಬೆನ್ನು ತೋರಿಸಿದರೆ ಸಾಕು

ಮೊದಲಿಗೆ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನೇರಳೆ ಸೊಂಟದ ಸೂರಕ್ಕಿಗೆ ಆ ಹೆಸರು ಇದ್ದರೂ, ನೇರಳೆ ಸೊಂಟ ಇರುವುದು ಅದಕ್ಕೊಂದಕ್ಕೇ ಅಲ್ಲ. ಕೆಂಬೆನ್ನಿನ ಗಂಡಿಗೂ ಸೊಂಟದಲ್ಲಿ, ಅಂದರೆ ಬೆನ್ನು ಮುಗಿದು ಬಾಲ ಶುರುವಾಗುವ ಜಾಗದಲ್ಲಿ, ನೇರಳೆ ಮಿನುಗು ಉಂಟು. ಫೋಟೋದಲ್ಲಿ ಸೊಂಟ ನೇರಳೆ ಕಂಡ ತಕ್ಷಣ "ಪರ್ಪಲ್-ರಂಪ್ಡ್" ಅಂತ ಬರೆದುಬಿಡುವುದು ತುಂಬಾ ಜನ ಮಾಡುವ ತಪ್ಪು. ಹೆಸರು ನೋಡಿ ಹಕ್ಕಿ ಗುರುತಿಸಲು ಹೋದರೆ ಹೀಗೇ ಆಗುತ್ತದೆ.

ಈಗ ಬೆನ್ನಿಗೆ ಬನ್ನಿ. ಕೆಂಬೆನ್ನಿನ ಗಂಡಿನ ಬೆನ್ನು ಗಾಢ ಕೆಂಪು. ಆ ಕೆಂಪು ಕತ್ತಿನ ಹಿಂದಿನಿಂದ ಶುರುವಾಗಿ, ಬೆನ್ನು ತುಂಬಿ, ರೆಕ್ಕೆಯ ಭುಜದ ಗರಿಗಳ ಮೇಲೂ ಹರಡಿಕೊಂಡಿರುತ್ತದೆ. ಭುಜ ಮತ್ತು ಬೆನ್ನು ಸೇರಿ ಒಂದೇ ಕೆಂಪು. ನೇರಳೆ ಸೊಂಟದ್ದರ ಬೆನ್ನೂ ಕೆಂಪು ಬೆರೆತ ಕಂದು, ಅದನ್ನು ಮರೂನ್ ಅನ್ನಬಹುದು. ಆದರೆ ಅದರ ಭುಜದಲ್ಲಿ ಹೊಳೆಯುವ ಹಸಿರಿನ ಒಂದು ಚಿಕ್ಕ ತೇಪೆ ಇರುತ್ತದೆ. ಬಿಸಿಲು ಬಿದ್ದರೆ ಅದು ಫಳ್ ಅಂತ ಹೊಳೆಯುತ್ತದೆ. ಆ ಹಸಿರು ಭುಜ ಕಂಡರೆ ಕಥೆ ಮುಗಿಯಿತು, ಅದು ಅಂಗಳದ ಹಕ್ಕಿಯೇ. ಕಾಣದಿದ್ದರೆ ಮಾತ್ರ ಅವಸರ ಬೇಡ. ಅದು ಮಿನುಗುವ ಬಣ್ಣ, ಕೋನ ಸರಿಯಿಲ್ಲದೆಯೂ ಅಡಗಿರಬಹುದು. ಭುಜದಲ್ಲಿ ಕೆಂಪೇ ಇದೆ ಅಂತ ಕಣ್ಣಾರೆ ಕಾಣಬೇಕು.

ಹಕ್ಕಿ ಬೆನ್ನು ತೋರಿಸದೆ ಎದುರಿಗೆ ಕೂತರೆ? ಆಗ ಎದೆಪಟ್ಟಿ. ಎರಡರಲ್ಲೂ ನೇರಳೆ ಗಂಟಲಿನ ಕೆಳಗೆ, ಹಳದಿ ಹೊಟ್ಟೆಯ ಮೇಲೆ ಒಂದು ಅಡ್ಡಪಟ್ಟಿ ಇರುತ್ತದೆ. ನೇರಳೆ ಸೊಂಟದ್ದರಲ್ಲಿ ಅದು ಸಪೂರ, ಕಂದುಗೆಂಪು. ಕೆಂಬೆನ್ನಿನದ್ದರಲ್ಲಿ ಅಗಲ, ಒಳ್ಳೆ ಕೆಂಪು. ಗಂಟಲಿನ ನೇರಳೆಗೂ ಹೊಟ್ಟೆಯ ಹಳದಿಗೂ ನಡುವೆ ಎದ್ದು ಕಾಣುವಷ್ಟು ಕೆಂಪು ಇದೆಯಾ, ಅಥವಾ ಒಂದು ಗೆರೆಯಷ್ಟೇ ಇದೆಯಾ ಅಂತ ನೋಡಿ.

ಅದರ ನಂತರ ಪಕ್ಕೆ. ಇದನ್ನು ಜನ ಗಮನಿಸುವುದೇ ಕಡಿಮೆ. ನನ್ನ ಮಟ್ಟಿಗೆ ಕೆಟ್ಟ ಬೆಳಕಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ನೇರಳೆ ಸೊಂಟದ ಗಂಡಿನ ಹಳದಿ ನಡುವೆ ಮಾತ್ರ ಗಟ್ಟಿಯಾಗಿದ್ದು, ಪಕ್ಕೆಗೆ ಬರುವಾಗ ಬೂದುಬಿಳಿಯಾಗುತ್ತದೆ. ರೆಕ್ಕೆಯ ಅಂಚಿನ ಕೆಳಗೆ ಆ ಬಿಳಿ ಇಣುಕುತ್ತಿರುತ್ತದೆ. ಕೆಂಬೆನ್ನಿನದ್ದರಲ್ಲಿ ಆ ಬಿಳಿ ಪಕ್ಕೆ ಇಲ್ಲ. ಗಂಟಲು ಕಪ್ಪಾಗಿ, ಎದೆಪಟ್ಟಿ ಮಸುಕಾಗಿ ಬಂದ ಫೋಟೋದಲ್ಲೂ ಪಕ್ಕೆಯ ಬಿಳಿ ಇದೆಯೋ ಇಲ್ಲವೋ ಹೇಳಬಹುದು.

ಕೊಕ್ಕಿನಲ್ಲೂ ವ್ಯತ್ಯಾಸ ಉಂಟು. ಕೆಂಬೆನ್ನಿನದ್ದರ ಕೊಕ್ಕು ಇನ್ನೂ ಸಪೂರ. ಆದರೆ ಇದು ಎರಡನ್ನೂ ಚೆನ್ನಾಗಿ ನೋಡಿ ಪಳಗಿದ ಕಣ್ಣಿಗೆ ಸಹಾಯಕ್ಕೆ ಬರುವ ಗುರುತು. ಹೊಸಬರು ಅದನ್ನೇ ನೆಚ್ಚಿಕೊಳ್ಳುವುದು ಬೇಡ.

ಹೆಣ್ಣು ಹಕ್ಕಿ: ಅರ್ಧ ಸೆಕೆಂಡಿನ ಕೆಂಪು

ನಿಜವಾದ ಕಷ್ಟ ಇರುವುದು ಇಲ್ಲಿ. ಹೆಣ್ಣು ಸೂರಕ್ಕಿಗಳಿಗೆ ಮಿನುಗು ಇಲ್ಲ, ಎದೆಪಟ್ಟಿ ಇಲ್ಲ. ಮೇಲೆ ಕಂದು ಅಥವಾ ಎಣ್ಣೆಹಸಿರು, ಕೆಳಗೆ ಹಳದಿ. ಅದಕ್ಕೇ ಹೆಚ್ಚಿನವರು ಗಂಡಿನ ಫೋಟೋ ತೆಗೆದು, ಹೆಣ್ಣನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನನಗೆ ಇದು ಬೇಸರದ ವಿಷಯ. ಯಾಕೆಂದರೆ ಕೆಂಬೆನ್ನಿನ ಹೆಣ್ಣಿಗೆ ನಮ್ಮ ಕಡೆಯ ಬೇರೆ ಯಾವ ಹೆಣ್ಣು ಸೂರಕ್ಕಿಗೂ ಇಲ್ಲದ ಒಂದು ಗುರುತು ಇದೆ. ಅದರ ಸೊಂಟ ಗಾಢ ಕೆಂಪು.

ಸಮಸ್ಯೆ ಏನೆಂದರೆ, ಕೂತಾಗ ಆ ಕೆಂಪು ಕಾಣುವುದಿಲ್ಲ. ಸೋಮೇಶ್ವರದಿಂದ ಘಾಟಿ ಶುರುವಾಗುವ ಕಡೆ, ರಸ್ತೆ ಬದಿಯಲ್ಲಿ ಉದ್ದ ಕಡ್ಡಿಯಲ್ಲಿ ಸಣ್ಣ ಸಣ್ಣ ನೀಲಿ ಹೂ ಬಿಡುವ ಗಿಡಗಳನ್ನು ನೋಡಿರಬಹುದು. ಸ್ಟಾಕಿಟಾರ್ಫೆಟಾ ಅಂತ ಅದರ ಹೆಸರು. ಹೊರದೇಶದಿಂದ ಬಂದ ಗಿಡ, ಆದರೆ ಸೂರಕ್ಕಿಗಳಿಗೆ ಪಂಚಪ್ರಾಣ. ಹೆಣ್ಣು ಬಂದು ಆ ಕಡ್ಡಿಯ ಮೇಲೆ ಅಡ್ಡಲಾಗಿ ಕೂರುತ್ತದೆ. ಕಡ್ಡಿ ಬಾಗುತ್ತದೆ. ಮಡಚಿದ ರೆಕ್ಕೆಗಳ ತುದಿ ಸೊಂಟದ ಮೇಲೆ ಬಂದು ಕೂತಿರುತ್ತವೆ, ಹಾಗಾಗಿ ಬೆನ್ನಿನಿಂದ ಬಾಲದವರೆಗೆ ಬರೀ ಕಂದು. ಒಂದು ಹೂವಾಯಿತು, ಎರಡಾಯಿತು. ಮೂರನೆಯ ಹೂ ಸ್ವಲ್ಪ ಕೆಳಗಿದೆ. ಹಕ್ಕಿ ತಲೆ ಕೆಳಗೆ ಮಾಡಿ, ಸಮತೋಲನಕ್ಕೆ ರೆಕ್ಕೆ ಬಿಚ್ಚುತ್ತದೆ. ಆಗ, ಅರ್ಧ ಸೆಕೆಂಡು, ಬಾಲದ ಬುಡದಲ್ಲಿ ಕೆಂಪು ಕಾಣಿಸಿ ಮುಚ್ಚಿಕೊಳ್ಳುತ್ತದೆ. ನೀವು ನೋಡಬೇಕಾಗಿದ್ದು ಅಷ್ಟೇ.

ಆದ್ದರಿಂದ ಹೆಣ್ಣು ಸೂರಕ್ಕಿ ಸಿಕ್ಕಾಗ ದುರ್ಬೀನನ್ನು ಮುಖದ ಮೇಲೆ ಹಿಡಿಯಬೇಡಿ, ಬಾಲದ ಬುಡದ ಮೇಲೆ ಹಿಡಿದು ಕಾಯಿರಿ. ಹಾರುವ ಕ್ಷಣದಲ್ಲಿ, ತಲೆಕೆಳಗಾಗುವ ಕ್ಷಣದಲ್ಲಿ, ಗರಿ ಕೆದರಿ ಮೈ ಒಣಗಿಸಿಕೊಳ್ಳುವಾಗ ಉತ್ತರ ಸಿಗುತ್ತದೆ. ಕ್ಯಾಮೆರಾ ಇದ್ದರೆ ಒಂದೊಂದೇ ಫೋಟೋ ತೆಗೆಯುವ ಬದಲು ಸಾಲಾಗಿ ತೆಗೆಯುವ ಸೆಟ್ಟಿಂಗ್ ಇಡಿ. ಇಪ್ಪತ್ತು ಹಾಳು ಫೋಟೋಗಳ ನಡುವೆ ಒಂದರಲ್ಲಿ ರೆಕ್ಕೆ ಬಿಚ್ಚಿರುತ್ತದೆ.

ನೇರಳೆ ಸೊಂಟದ ಹೆಣ್ಣಿಗೆ ಸೊಂಟದಲ್ಲಿ ಕೆಂಪಿಲ್ಲ. ಅದರ ಗಂಟಲು ಬೂದುಬಿಳಿ, ಎದೆ ಚೆನ್ನಾದ ಹಳದಿ. ಗಂಟಲಿಗೂ ಎದೆಗೂ ಬಣ್ಣದ ವ್ಯತ್ಯಾಸ ಸ್ಪಷ್ಟ. ಕಣ್ಣಿನ ಮೇಲೆ ಮಸುಕಾದ ಹುಬ್ಬಿನ ಗೆರೆ ಇರುತ್ತದೆ. ಕೆಂಬೆನ್ನಿನ ಹೆಣ್ಣಿನಲ್ಲಿ ಗಂಟಲು, ಎದೆ, ಹೊಟ್ಟೆ ಎಲ್ಲ ಒಂದೇ ಮಂಕು ಹಳದಿ. ಸೊಂಟ ಕಾಣದೇ ಹೋದರೂ ಬಿಳಿ ಗಂಟಲು ಖಚಿತವಾಗಿ ಕಂಡರೆ ಅದು ಘಟ್ಟದ ಹಕ್ಕಿಯಲ್ಲ ಅಂತ ಹೇಳಬಹುದು.

ಇನ್ನೂ ಒಂದು ವೇಷ ಉಂಟು. ಸಂತಾನದ ಕಾಲ ಮುಗಿದ ಮೇಲೆ ಕೆಂಬೆನ್ನಿನ ಗಂಡು ತನ್ನ ಹೊಳಪು ಕಳಚುತ್ತದೆ. ನೆತ್ತಿ ಎಣ್ಣೆಹಸಿರಾಗುತ್ತದೆ, ಗಂಟಲಿನ ನೇರಳೆ ಹೋಗುತ್ತದೆ, ಕೆಳಗೆಲ್ಲ ಹಳದಿ. ಎದುರಿನಿಂದ ನೋಡಿದರೆ ಹೆಣ್ಣೇ ಅನ್ನಿಸುತ್ತದೆ. ಆದರೆ ಬೆನ್ನಿನ ಮತ್ತು ಭುಜದ ಕೆಂಪು ಹಾಗೇ ಉಳಿಯುತ್ತದೆ, ಸೊಂಟದ ನೇರಳೆಯೂ ಉಳಿಯುತ್ತದೆ. ಮುಂದಿನಿಂದ ಹೆಣ್ಣು, ಹಿಂದಿನಿಂದ ಗಂಡು ಅಂತ ಕಂಡರೆ ಗಾಬರಿ ಬೇಡ, ಇದೇ ಆ ಹಕ್ಕಿ. ಅಂಗಳದ ಹಕ್ಕಿಯಲ್ಲಿ ಈ ವೇಷ ಬದಲಾವಣೆ ಇಲ್ಲ. ಅದರ ಬಲಿತ ಗಂಡು ವರ್ಷವಿಡೀ ಒಂದೇ ಥರ.

ಗೊಂದಲ ಮಾಡುವ ಉಳಿದವರು

ನಮ್ಮ ಕರಾವಳಿಯಲ್ಲಿ ಇನ್ನೆರಡು ಸೂರಕ್ಕಿ ಧಾರಾಳವಾಗಿ ಸಿಗುತ್ತವೆ. ಊದಾ ಸೂರಕ್ಕಿ ಮತ್ತು ಲೋಟನ್ ಸೂರಕ್ಕಿ. ಎರಡರ ಗಂಡೂ ದೂರದಿಂದ ಪೂರ್ತಿ ಕಪ್ಪು, ಬಿಸಿಲಿಗೆ ನೀಲಿ-ನೇರಳೆ. ಹಳದಿ ಹೊಟ್ಟೆ ಇಲ್ಲದ ಕಾರಣ ಇವುಗಳ ಗಂಡನ್ನು ಕೆಂಬೆನ್ನಿನ ಜೊತೆ ಗೊಂದಲ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಲೋಟನ್ ಅನ್ನು ಕೊಕ್ಕಿನಿಂದಲೇ ಹೇಳಬಹುದು. ಅಷ್ಟು ಉದ್ದ, ಅಷ್ಟು ಬಾಗಿದ ಕೊಕ್ಕು ಉಳಿದ ಮೂರಕ್ಕೂ ಇಲ್ಲ. ಸಿಲೋನಿನ ಡಚ್ ಗವರ್ನರ್ ಆಗಿದ್ದ ಲೋಟನ್ ಎಂಬವನ ಹೆಸರು ಅದಕ್ಕೆ ಬಂದಿದೆ. ಊದಾ ಸೂರಕ್ಕಿಯ ಗಂಡು ಸಂತಾನದ ಕಾಲ ಮುಗಿದ ಮೇಲೆ ಹಳದಿಯಾಗುತ್ತದೆ. ಆಗ ಗಂಟಲಿನಿಂದ ಹೊಟ್ಟೆಯವರೆಗೆ ನಡುವೆ ಒಂದು ಕಪ್ಪು ಗೆರೆ ಇಳಿದಿರುತ್ತದೆ. ಆ ಗೆರೆ ನೋಡಿ ಗುರುತಿಸಬಹುದು.

ಈ ಎರಡರ ಗಂಡಿಗೂ ರೆಕ್ಕೆಯ ಬುಡದಲ್ಲಿ ಹಳದಿ-ಕಿತ್ತಳೆ ಗರಿಗಳ ಒಂದು ಗೊಂಚಲು ಇರುತ್ತದೆ. ಸಾಮಾನ್ಯವಾಗಿ ಅಡಗಿರುತ್ತದೆ, ಹೆಣ್ಣಿನ ಎದುರು ಕುಣಿಯುವಾಗ ಹೊರಗೆ ಬರುತ್ತದೆ. "ಕಪ್ಪು ಸೂರಕ್ಕಿ, ಪಕ್ಕದಲ್ಲಿ ಹಳದಿ, ಹೊಸ ಜಾತಿಯಾ?" ಅಂತ ಯಾರಾದರೂ ಕೇಳಿದರೆ ಉತ್ತರ ಇದು.

ವಿಗರ್ಸ್ ಸೂರಕ್ಕಿ ಅಂತ ಇನ್ನೊಂದುಂಟು. ಇದನ್ನೂ ಅದೇ 1832ರಲ್ಲಿ ಸೈಕ್ಸ್ ವಿವರಿಸಿದ. ಗಂಟಲು, ಎದೆ, ಬೆನ್ನು ಎಲ್ಲ ಕೆಂಪು, ಎದೆಯಲ್ಲಿ ಹಳದಿ ಗೀರುಗಳು, ಹೊಟ್ಟೆ ಬೂದು. ಮಹಾರಾಷ್ಟ್ರ, ಗೋವಾ, ಉತ್ತರ ಕನ್ನಡದ ಕಡೆ ಹೆಚ್ಚು. ಕೆಂಪು ಬೆನ್ನು ಕಂಡರೂ ಹೊಟ್ಟೆ ಬೂದು ಅಂತಾದರೆ ಇದನ್ನು ನೆನಪಿಸಿಕೊಳ್ಳಿ.

ಸೂರಕ್ಕಿಯೇ ಅಲ್ಲದವೂ ಇವೆ. ಬೆಳ್ಗಣ್ಣ ಹಳದಿ-ಹಸಿರು, ಕಣ್ಣಿನ ಸುತ್ತ ಬಿಳಿ ಉಂಗುರ, ಕೊಕ್ಕು ನೇರ, ಗುಂಪಾಗಿ ಓಡಾಡುತ್ತದೆ. ಬದನಿಕೆ ಹಕ್ಕಿಗಳು ಸೂರಕ್ಕಿಯಷ್ಟೇ ಚಿಕ್ಕವು, ಆದರೆ ಕೊಕ್ಕು ಗಿಡ್ಡ, ಮೈ ಸಾದಾ. ಆಗುಂಬೆಯಲ್ಲಿ ಕಾಡುಬಾಳೆಯ ಪೂಂಬೆಗೆ ಬರುವ ಲಿಟಲ್ ಸ್ಪೈಡರ್‌ಹಂಟರ್ ಕೂಡ ಹಳದಿ ಹೊಟ್ಟೆಯದೇ. ಅದರ ಕೊಕ್ಕು ಎಷ್ಟು ಉದ್ದ ಅಂದರೆ ಒಮ್ಮೆ ನೋಡಿದವರು ಮತ್ತೆ ತಪ್ಪು ಮಾಡುವುದಿಲ್ಲ.

ಮಂಗಳೂರಿನ ಎಷ್ಟೋ ಮನೆಗಳಲ್ಲಿ ಸೂರಕ್ಕಿಗೆ "ಹಮ್ಮಿಂಗ್ ಬರ್ಡ್" ಅಂತಲೇ ಹೇಳುತ್ತಾರೆ. ಭಾರತದಲ್ಲಿ ಹಮ್ಮಿಂಗ್ ಬರ್ಡ್ ಇಲ್ಲ. ಅವು ಅಮೆರಿಕ ಖಂಡಗಳ ಹಕ್ಕಿಗಳು. ಹೂವಿನ ಮಕರಂದ ಕುಡಿಯುವ ಕೆಲಸ ಒಂದೇ ಆದ್ದರಿಂದ ಉದ್ದ ಕೊಕ್ಕು, ಮಿನುಗುವ ಗರಿ, ಕೊಳವೆಯಂಥ ನಾಲಿಗೆ ಎರಡರಲ್ಲೂ ಬೇರೆ ಬೇರೆಯಾಗಿ ಬೆಳೆದು ಬಂದಿವೆ. ಎರಡಕ್ಕೂ ಹತ್ತಿರದ ಸಂಬಂಧ ಇಲ್ಲ. ಸೂರಕ್ಕಿ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲಬಲ್ಲದು, ಆದರೆ ಅದಕ್ಕೆ ಇಷ್ಟ ಕೂತು ಕುಡಿಯುವುದು. ಸಂಜೆ ಹೊತ್ತು ರಥಪುಷ್ಪದ ಮೇಲೆ ಗುಂಯ್ ಅಂತ ನಿಂತಲ್ಲೇ ನಿಂತು ಕುಡಿಯುವ ಜೀವಿ ಕಂಡರೆ ಅದು ಹಕ್ಕಿಯೇ ಅಲ್ಲ, ಹಾಕ್‌ಮಾತ್ ಎಂಬ ಪತಂಗ.

ಎಲ್ಲಿ, ಯಾವ ಹೂವಿನಲ್ಲಿ

ಜಾಗದಿಂದ ಒಂದು ಅಂದಾಜು ಸಿಗುತ್ತದೆ. ಮಲ್ಪೆ, ಉಡುಪಿ ಪೇಟೆ, ಮಂಗಳೂರು ನಗರದೊಳಗೆ ಹಳದಿ ಹೊಟ್ಟೆಯ ಸೂರಕ್ಕಿ ಕಂಡರೆ ಅದು ನೇರಳೆ ಸೊಂಟದ್ದೇ ಇರುವ ಸಾಧ್ಯತೆ ಜಾಸ್ತಿ. ಪೂರ್ವಕ್ಕೆ ಹೋದ ಹಾಗೆ ಲೆಕ್ಕ ಬದಲಾಗುತ್ತದೆ. ಬೆಳ್ತಂಗಡಿ, ಸುಳ್ಯ, ಕಾರ್ಕಳದಾಚೆಯ ಮಾಳ, ಹೆಬ್ರಿ, ಇಲ್ಲೆಲ್ಲ ಕಾಡಿಗೆ ತಾಗಿದ ಅಡಿಕೆ ತೋಟಗಳಲ್ಲಿ ಎರಡೂ ಸಿಗಬಹುದು. ಸೋಮೇಶ್ವರ ಅಭಯಾರಣ್ಯ, ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಆಗುಂಬೆಯ ಕಾಡು ಕೆಂಬೆನ್ನಿನ ಸೂರಕ್ಕಿಯ ಸ್ವಂತ ಊರು.

ಇಲ್ಲಿ ಒಂದು ಎಚ್ಚರಿಕೆ. "ಆಗುಂಬೆಯಲ್ಲಿ ತೆಗೆದದ್ದು, ಹಾಗಾಗಿ ಕೆಂಬೆನ್ನಿನದ್ದೇ" ಅನ್ನುವುದು ಊಹೆ. ಊರಿನ ಮನೆಗಳ ಹತ್ತಿರ, ತೋಟದ ಬದಿಯಲ್ಲಿ ಅಂಗಳದ ಹಕ್ಕಿಯೂ ಬಂದಿರಬಹುದು. ಜಾಗ ನೋಡಿ ಸಂಶಯ ಪಡಬಹುದು, ತೀರ್ಮಾನ ಮಾಡುವುದು ಮೈಯ ಗುರುತಿನಿಂದಲೇ.

ನಟ್ಟ ನಡು ಕಾಡಿಗೆ ನುಗ್ಗಬೇಕು ಅಂತಿಲ್ಲ. ಕಾಡಿನ ಒಳಗೆ ಹೂವು ಇರುವುದು ಮರದ ತುದಿಯಲ್ಲಿ, ಅಲ್ಲಿ ಹಕ್ಕಿಯ ಹೊಟ್ಟೆ ಮಾತ್ರ ಕಾಣುತ್ತದೆ. ಕಾಡಿನ ಅಂಚೇ ಒಳ್ಳೆಯದು. ಹೂ ಗಿಡ ಬೆಳೆಸಿದ ಕಾಡಂಚಿನ ಮನೆಗಳ ಅಂಗಳಕ್ಕೆ ಕೆಂಬೆನ್ನಿನ ಸೂರಕ್ಕಿ ಧೈರ್ಯವಾಗಿ ಬರುತ್ತದೆ. ದಾಸವಾಳದಂಥ ಉದ್ದ ಹೂವಿನಲ್ಲಿ ಎದುರಿನಿಂದ ಕೊಕ್ಕು ಹಾಕಲು ಕಷ್ಟವಾದರೆ ಬುಡಕ್ಕೆ ಚುಚ್ಚಿ ಮಕರಂದ ಹೀರುತ್ತದೆ. ಹೂವಿನ ಬುಡದಲ್ಲಿ ಸಣ್ಣ ತೂತು ಕಂಡರೆ ಅಲ್ಲಿ ಸೂರಕ್ಕಿಗಳ ಓಡಾಟ ಇರಬಹುದು.

ನಾನು ಎಲ್ಲರಿಗೂ ಹೇಳುವುದು ಬದನಿಕೆ ಹುಡುಕಿ ಅಂತ. ಹಲಸು, ಮಾವಿನ ಕೊಂಬೆಗೆ ಅಂಟಿಕೊಂಡು ಬೆಳೆಯುವ ಈ ಪರಾವಲಂಬಿ ಗಿಡವನ್ನು ತೋಟದವರು ಶಾಪ ಹಾಕಿ ಕಡಿಯುತ್ತಾರೆ. ಮರಕ್ಕೆ ಅದು ತೊಂದರೆ ಕೊಡುವುದೂ ನಿಜ. ಆದರೆ ಕೊಳವೆಯಂಥ ಅದರ ಹೂಗಳು ಸೂರಕ್ಕಿಗೆ ಅಳತೆ ತೆಗೆದು ಮಾಡಿದ ಹಾಗಿವೆ. ಈ ಕುಟುಂಬದ ಕೆಲವು ಗಿಡಗಳ ಮೊಗ್ಗು ತಾನಾಗಿ ಅರಳುವುದಿಲ್ಲ. ಹಕ್ಕಿ ಕೊಕ್ಕಿನಿಂದ ಒತ್ತಿದರೆ ಮಾತ್ರ ಥಟ್ಟನೆ ಬಿಚ್ಚಿಕೊಂಡು ಹಕ್ಕಿಯ ತಲೆಗೆ ಪರಾಗ ಹಚ್ಚುತ್ತದೆ. ಸೂರಕ್ಕಿ ಪರಾಗ ಒಯ್ಯುತ್ತದೆ, ಬದನಿಕೆ ಹಕ್ಕಿ ಹಣ್ಣು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತದೆ. ಮನೆ ಹಲಸಿನ ಕೆಳಕೊಂಬೆಯಲ್ಲಿ ಬದನಿಕೆ ಹೂ ಬಿಟ್ಟಿದ್ದರೆ ಕಣ್ಣಿನ ಮಟ್ಟದಲ್ಲೇ ಹಕ್ಕಿ ನೋಡಬಹುದು.

ಪರಾಗದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಣೆ ಹಳದಿ ಅಥವಾ ಕಿತ್ತಳೆ ಇರುವ ಸೂರಕ್ಕಿ ಕಂಡರೆ ಪುಸ್ತಕದಲ್ಲಿ ಹುಡುಕಲು ಹೋಗಬೇಡಿ. ಅದು ಹೂವಿನ ಪುಡಿ. ಮರುದಿನ ಹೋಗಿರುತ್ತದೆ.

ಮಳೆಗಾಲದಲ್ಲಿ ಹುಡುಕುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದುರ್ಬೀನಿನ ಗಾಜಿಗೆ ಆವಿ ಕೂರುತ್ತದೆ, ಹಕ್ಕಿ ಎಲೆಯಡಿ ಇರುತ್ತದೆ. ಕೆಂಬೆನ್ನಿನ ಸೂರಕ್ಕಿ ಮಳೆ ಮತ್ತು ಹೂವು ನೋಡಿಕೊಂಡು ಘಟ್ಟದಲ್ಲೇ ಮೇಲೆ ಕೆಳಗೆ ಓಡಾಡುವ ಹಕ್ಕಿ. ಹಾಗಾಗಿ ಹೋದ ತಿಂಗಳು ಸಿಕ್ಕ ಜಾಗದಲ್ಲಿ ಈ ತಿಂಗಳು ಇಲ್ಲದಿರಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಬಿಸಿಲು ಮರದ ತುದಿಗೆ ತಾಗುವ ಹೊತ್ತಿಗೆ ಹೋದರೆ ಒಳ್ಳೆಯದು. ಸೂರ್ಯ ನಿಮ್ಮ ಬೆನ್ನಿಗಿರಲಿ. ಅಷ್ಟು ಮಾಡಿದರೆ ಬಣ್ಣದ ಅರ್ಧ ಸಮಸ್ಯೆ ತೀರುತ್ತದೆ.

ಅದೇ ತಿಂಗಳುಗಳಲ್ಲಿ ಗೂಡೂ ಇರುತ್ತದೆ. ಸಪೂರ ಕೊಂಬೆಯ ತುದಿಗೆ ಜೇಡರ ಬಲೆ, ನಾರು, ಒಣ ಎಲೆ ಸೇರಿಸಿ ನೇತುಹಾಕಿದ ಪುಟ್ಟ ಗೂಡು, ಬದಿಯಲ್ಲಿ ಬಾಗಿಲು. ಕಂಡರೆ ದೂರ ನಿಲ್ಲಿ. ಎಲೆ ಸರಿಸಿ ಫೋಟೋ ತೆಗೆದರೆ ಗೂಡು ಕಾಗೆಗೂ ಕಾಣುತ್ತದೆ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸವೂ ಬೇಡ. ಇನ್ನೊಂದು ಗಂಡು ಬಂತು ಅಂತ ಅದು ಮರಿಗೆ ಉಣಿಸುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಇಷ್ಟು ಚಿಕ್ಕ ಮೈಗೆ ಸುಮ್ನೆ ಖರ್ಚು ಮಾಡುವಷ್ಟು ಶಕ್ತಿ ಇಲ್ಲ.

ಫೋಟೋ, ಆ್ಯಪ್, ಟಿಪ್ಪಣಿ

ಬಿಳಿ ಆಕಾಶದ ಎದುರು ಹಕ್ಕಿ ಕೂತಿದ್ದರೆ ಮೊಬೈಲ್ ಆಕಾಶದ ಬೆಳಕಿಗೆ ಹೊಂದಿಕೊಂಡು ಹಕ್ಕಿಯನ್ನು ಕಪ್ಪು ಮಾಡುತ್ತದೆ. ಪರದೆಯಲ್ಲಿ ಹಕ್ಕಿಯ ಮೇಲೆ ಬೆರಳು ಒತ್ತಿ, ಬೆಳಕು ಹೆಚ್ಚಿಸಿ. ಆಕಾಶ ಬೆಳ್ಳಗೆ ಸುಟ್ಟುಹೋದರೂ ಪರವಾಗಿಲ್ಲ, ನಮಗೆ ಬೇಕಾಗಿರುವುದು ಭುಜ ಮತ್ತು ಪಕ್ಕೆ. ಆಮೇಲೆ ಎಡಿಟ್ ಮಾಡುವಾಗ ಬಣ್ಣ ಎಳೆದು ಗಾಢ ಮಾಡಬೇಡಿ. ಮರೂನ್ ಬೆನ್ನು ಕಡುಗೆಂಪು ಆಗಲು ಒಂದು ಫಿಲ್ಟರ್ ಸಾಕು. ಗುರುತು ಕೇಳುವಾಗ ತೆಗೆದ ಹಾಗೇ ಕಳಿಸಿ.

ಫೋಟೋ ನೋಡಿ ಹಕ್ಕಿಯ ಹೆಸರು ಹೇಳುವ, ಅಮೆರಿಕದ ಕಾರ್ನೆಲ್ ಸಂಸ್ಥೆಯ ಮರ್ಲಿನ್ ಆ್ಯಪ್ ತುಂಬಾ ಜನ ಬಳಸುತ್ತಾರೆ, ಒಳ್ಳೆಯ ಆ್ಯಪ್. ಅದು ಫೋಟೋ ಜೊತೆಗೆ ಎಲ್ಲಿ, ಯಾವಾಗ ತೆಗೆದದ್ದು ಅಂತಲೂ ಕೇಳುತ್ತದೆ. ಆಗುಂಬೆಯ ಫೋಟೋವನ್ನು ಮನೆಗೆ ಬಂದು ಹಾಕುವಾಗ ಜಾಗ ಉಡುಪಿ ಅಂತ ಕೊಟ್ಟರೆ ಉತ್ತರವೂ ಆ ಕಡೆ ವಾಲಬಹುದು. ಸರಿಯಾದ ಜಾಗ ಕೊಡಿ. ಉತ್ತರ ಬಂದ ಮೇಲೆ ಭುಜ, ಎದೆಪಟ್ಟಿ, ಪಕ್ಕೆ, ಸೊಂಟ ನಾಲ್ಕನ್ನೂ ನೀವೇ ಒಮ್ಮೆ ತಾಳೆ ನೋಡಿ.

ಫೋಟೋ ಸಿಗದಿದ್ದರೆ ಅಲ್ಲೇ ನಿಂತು ಟಿಪ್ಪಣಿ ಬರೆಯಿರಿ. ಮನೆಗೆ ಬಂದು ಪುಸ್ತಕ ತೆರೆದ ಮೇಲೆ ನೆನಪು ಚಿತ್ರದ ಹಾಗೇ ಬದಲಾಗಿಬಿಡುತ್ತದೆ. ಬರೆಯಬೇಕಾದದ್ದು ಇಷ್ಟು: "ಹೆಬ್ರಿ ಹತ್ತಿರ ತೋಟದ ಅಂಚು, ಬೆಳಿಗ್ಗೆ ಎಂಟು, ಬಿಸಿಲು ಹಿಂದಿನಿಂದ. ಹಳದಿ ಹೊಟ್ಟೆ, ಗಂಟಲು ಗಾಢ, ನಡುವೆ ಅಗಲ ಕೆಂಪು. ಪಕ್ಕೆಯಲ್ಲಿ ಬಿಳಿ ಇಲ್ಲ. ಭುಜ ಕಾಣಲಿಲ್ಲ." ಹಕ್ಕಿ ತಿಳಿದವರಿಗೆ ಮಸುಕು ಫೋಟೋಗಿಂತ ಈ ಮೂರು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾವುದು ಕಾಣಲಿಲ್ಲ ಅಂತ ಬರೆದದ್ದಕ್ಕೂ ಅಷ್ಟೇ ಬೆಲೆ ಉಂಟು.

ಕೊನೆಗೂ ತೀರ್ಮಾನಕ್ಕೆ ಬರಲಾಗದ ಹಕ್ಕಿಗಳು ಇದ್ದೇ ಇರುತ್ತವೆ. ಮಂಕು ಹಳದಿ ಹೆಣ್ಣು, ಸೊಂಟ ಕಾಣಲಿಲ್ಲ, ಗಂಟಲು ನೆರಳಿನಲ್ಲಿತ್ತು, ಹಾರಿಹೋಯಿತು. ಕಂಡ ಹಕ್ಕಿಗಳನ್ನು ಜನರೇ ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲಿ ಇಂಥದ್ದಕ್ಕೆಂದೇ ಜಾತಿ ಹೇಳದೆ ಬರೀ ಸೂರಕ್ಕಿ ಅಂತ ದಾಖಲಿಸುವ ಅವಕಾಶ ಇದೆ. ಅದನ್ನೇ ಆರಿಸಿ. ಕೆಂಬೆನ್ನಿನ ಸೂರಕ್ಕಿ ಘಟ್ಟದ ಕೆಳಗೆ ಎಲ್ಲಿಯವರೆಗೆ ಇಳಿಯುತ್ತದೆ, ಯಾವ ತಿಂಗಳಲ್ಲಿ ಇಳಿಯುತ್ತದೆ ಅನ್ನುವುದನ್ನು ಮುಂದೆ ಯಾರಾದರೂ ಲೆಕ್ಕ ಹಾಕುವುದು ಇದೇ ಪಟ್ಟಿಗಳಿಂದ. ಊಹೆಯಿಂದ ಹಾಕಿದ ಒಂದು ಹೆಸರು ಆ ನಕ್ಷೆಯಲ್ಲಿ ಇಲ್ಲದ ಜಾಗಕ್ಕೆ ಹಕ್ಕಿಯನ್ನು ಕೂರಿಸಿಬಿಡುತ್ತದೆ.